ಸಹಾಯ ಬೇಕು: ದವಡೆ ಕೀಲಿನ ತೊಂದರೆಗೆ ಕಿವಿ ನೋವು, ಗುಂಯ್ ಸದ್ದು ಬಂದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಮ್ಮಕ್ಕನಿಗೆ ಕೆಲವು ತಿಂಗಳಿಂದ ಬಲಗಿವಿ ನೋವು, ಕಿವಿ ಕಟ್ಟಿದ ಹಾಗೆ ಅನಿಸೋದು, ರಾತ್ರಿ ಮಲಗಿದರೆ ಗುಂಯ್ ಅನ್ನೋ ಸದ್ದು. ಕಿವಿ ಡಾಕ್ಟರು ನೋಡಿ ತಮಟೆ ಚೆನ್ನಾಗಿದೆ, ಸೋಂಕಿಲ್ಲ ಅಂದರು. ಶ್ರವಣ ಪರೀಕ್ಷೆಯೂ ನಾರ್ಮಲ್. ಆದರೆ ಅವಳು ಆಕಳಿಸುವಾಗ ಕಿವಿಯ ಮುಂದೆ ಬೆರಳಿಟ್ಟರೆ ‘ಟಕ್’ ಅನ್ನೋದು ನನ್ನ ಬೆರಳಿಗೇ ಗೊತ್ತಾಗುತ್ತೆ. ಹಲ್ಲು ಬಿಗಿಹಿಡಿದರೆ ಆ ಗುಂಯ್ ಸದ್ದು ಜೋರಾಗುತ್ತಂತೆ.

ದವಡೆ ಕೀಲು ಕಿವಿಯ ನಾಳಕ್ಕೆ ಅಂಟಿಕೊಂಡಂತೆ ಮುಂದೆಯೇ ಇದೆ. ಅಗಿಯುವ ಸ್ನಾಯುಗಳಿಗೂ, ತಮಟೆಯನ್ನು ಬಿಗಿಮಾಡುವ ಪುಟ್ಟ ಸ್ನಾಯುವಿಗೂ ಒಂದೇ ನರದ ಕವಲುಗಳು ಹೋಗುತ್ತವೆ. ಹಾಗಾಗಿ ಕೀಲಿನ ನೋವು ಕಿವಿಯದೇ ಅನಿಸಬಹುದು ಅಂತ ದಂತವೈದ್ಯರು ಹೇಳಿ, ನೈಟ್ ಗಾರ್ಡ್ (ರಾತ್ರಿ ಮಲಗುವಾಗ ಹಲ್ಲಿಗೆ ಹಾಕಿಕೊಳ್ಳೋ ಕವಚ) ಸೂಚಿಸಿದ್ದಾರೆ.

ಅದನ್ನು ಹಾಕಿಕೊಂಡವರು ದಯವಿಟ್ಟು ಹೇಳಿ: ಕಿವಿಯ ಸದ್ದೂ ಕಡಿಮೆ ಆಯಿತಾ, ದವಡೆ ನೋವು ಮಾತ್ರವಾ? ದವಡೆಗೆ ಫಿಸಿಯೋಥೆರಪಿ ಮಾಡಿಸಿದವರ ಅನುಭವವೂ ಬೇಕು. ಹಲ್ಲು ಸವೆಸಿ, ಮೇಲಿನ-ಕೆಳಗಿನ ಹಲ್ಲು ಕೂಡೋ ರೀತಿ ಸರಿಮಾಡುವಂಥ, ಮತ್ತೆ ಮೊದಲಿನಂತಾಗದ ಚಿಕಿತ್ಸೆಗೆ ಈಗಲೇ ಒಪ್ಪಬಾರದು ಅನ್ನೋದು ನನ್ನ ಅಭಿಪ್ರಾಯ. ಅವಳಿಗೆ ನಿದ್ದೆಯೇ ಇಲ್ಲ, ನೋಡೋಕಾಗ್ತಿಲ್ಲ. ಗೊತ್ತಿದ್ದವರು ತಿಳಿಸಿ.