ಹಳೇ ಫ್ಯಾಕ್ಟರಿ ಥರದ ಮನೆ ಕಟ್ಟಬಹುದಾ?

ಪ್ರಶ್ನೆ: ನಮಸ್ಕಾರ ಸರ್. ಬೆಂಗಳೂರಿನಲ್ಲಿ 30×40 ಸೈಟ್ ಇದೆ, ಉತ್ತರಕ್ಕೆ ರಸ್ತೆ. ಇಟ್ಟಿಗೆ, ಕಾಂಕ್ರೀಟ್, ಕಬ್ಬಿಣದ ತೊಲೆ ಎಲ್ಲ ಕಾಣುವ ಹಾಗೆ, ಹಳೇ ಫ್ಯಾಕ್ಟರಿ ಥರದ ಮನೆ ಬೇಕು ಅಂತ ನನ್ನಾಸೆ. ಪ್ಲಾಸ್ಟರಿಂಗ್, ಪೇಂಟಿಂಗ್ ಖರ್ಚು ಉಳಿಯುತ್ತದೆ ಅಂತ ಯಜಮಾನರೂ ಒಪ್ಪಿದ್ದಾರೆ. ಅತ್ತೆ ಮಾತ್ರ "ಅರ್ಧಕ್ಕೆ ನಿಲ್ಲಿಸಿದ ಮನೆ ಥರ ಇರುತ್ತೆ" ಅನ್ನುತ್ತಾರೆ. ಏನು ಮಾಡಲಿ?

ಆರ್ಕಿಟೆಕ್ಟ್: ಖಂಡಿತ ಕಟ್ಟಬಹುದು ಮೇಡಂ. ಆದರೆ ಖರ್ಚು ಉಳಿಯುತ್ತದೆ ಅನ್ನುವ ಲೆಕ್ಕ ಬಿಟ್ಟುಬಿಡಿ. ಮಾಮೂಲಿ ಮನೆಯಲ್ಲಿ ಗೋಡೆ ಸ್ವಲ್ಪ ಸೊಟ್ಟಗಿದ್ದರೂ ಮೇಲೆ ಗಾರೆ ಬಳಿದು ಸರಿಮಾಡುತ್ತಾರೆ. ನಿಮ್ಮಲ್ಲಿ ಮೇಸ್ತ್ರಿ ಕಟ್ಟಿದ್ದೇ ಫಿನಿಶಿಂಗ್. ಒಂದೇ ಅಳತೆಯ, ಯಂತ್ರದಲ್ಲಿ ತಂತಿಯಿಂದ ಕತ್ತರಿಸಿದ ವೈರ್‌ಕಟ್ ಇಟ್ಟಿಗೆ ಬೇಕು, ಇಟ್ಟಿಗೆ ಸಂದಿಗೆ ಗಾರೆ ತುಂಬಿ ತಿದ್ದುವ ಪಾಯಿಂಟಿಂಗ್‌ಗೆ ಕೈ ಪಳಗಿದವರು ಬೇಕು. ಕಾಂಕ್ರೀಟ್‌ಗೆ ಅಚ್ಚಾಗಿ ಹಳೇ ಸೆಂಟ್ರಿಂಗ್ ಶೀಟ್ ನಡೆಯಲ್ಲ, ಹೊಸ ಪ್ಲೈವುಡ್ ಬೇಕು. ಕಂಬಿ ಕಾಂಕ್ರೀಟಿನ ಅಂಚಿಗೆ ಬಾರದಂತೆ ಕೊಡುವ ಕವರ್ ಬ್ಲಾಕ್ ತಪ್ಪಿದರೆ ಕಂಬಿ ತುಕ್ಕು ಹಿಡಿದು ಕೆಲವೇ ವರ್ಷಗಳಲ್ಲಿ ಕಂದು ಕಲೆ ಕಾಣುತ್ತದೆ. ಹಸಿ ಕಾಂಕ್ರೀಟನ್ನು ಅದುರಿಸಿ ಕೂರಿಸುವ ವೈಬ್ರೇಟರ್ ಸರಿಯಾಗಿ ಬಿಡದಿದ್ದರೆ ಅಲ್ಲಲ್ಲಿ ಜೇನುಗೂಡಿನಂಥ ತೂತು. ಆಮೇಲೆ ತೇಪೆ ಹಾಕಿದರೆ ಆ ತೇಪೆಯೇ ಎದ್ದು ಕಾಣುತ್ತದೆ. ಇದೆಲ್ಲ ಸರಿಯಾಗದಿದ್ದರೆ ನಿಮ್ಮ ಅತ್ತೆ ಹೇಳಿದ ಹಾಗೇ ಆಗುತ್ತದೆ, ಅವರ ಮಾತು ಸುಮ್ನೆ ಅಲ್ಲ.

ಕಾರ್ಖಾನೆಯಿಂದ ತೆಗೆದುಕೊಳ್ಳಬೇಕಾದದ್ದು ತುಕ್ಕಿನ ಬಣ್ಣ, ತೋರಿಕೆಯ ಪೈಪು ಅಲ್ಲ ಅಂತ ನನ್ನ ಅಭಿಪ್ರಾಯ. ಬೆಳಕು, ಗಾಳಿ ತೆಗೆದುಕೊಳ್ಳಿ. ಹಳೇ ಮಿಲ್ಲುಗಳ ಗರಗಸದ ಹಲ್ಲಿನಂಥ ಚಾವಣಿ ನೋಡಿರುತ್ತೀರಿ. ಇಂಗ್ಲೆಂಡಿನಲ್ಲಿ ಅದರ ಪ್ರತಿ ಹಲ್ಲಿನ ಒಂದು ಬದಿಗೆ ಗಾಜು ಹಾಕಿ, ಆ ಬದಿಯನ್ನು ಉತ್ತರಕ್ಕೆ ಇಡುತ್ತಿದ್ದರು. ಅಲ್ಲಿ ಮಧ್ಯಾಹ್ನದ ಸೂರ್ಯ ಯಾವಾಗಲೂ ದಕ್ಷಿಣಕ್ಕೇ ಇರುವುದರಿಂದ ಮಗ್ಗದ ಮೇಲೆ ನೇರ ಬಿಸಿಲು ಬೀಳದೆ ಒಂದೇ ಸಮನಾದ ಬೆಳಕು ಸಿಗುತ್ತಿತ್ತು.

ಬೆಂಗಳೂರಲ್ಲಿ ಅದನ್ನು ಹಾಗೇ ನಕಲು ಮಾಡಬೇಡಿ. ನಾವಿರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ತುಸು ಉತ್ತರಕ್ಕಿರುತ್ತಾನೆ. ಹಾಗಾಗಿ ಗಾಜು ನೆಟ್ಟಗೆ ನಿಲ್ಲಲಿ, ಓರೆ ಬೇಡ. 1 ಮೀಟರ್ ಎತ್ತರದ ಗಾಜಿಗೆ 20 ಸೆಂ.ಮೀ. ಸಜ್ಜಾ ಕೊಟ್ಟರೆ ನಡುಮಧ್ಯಾಹ್ನದ ಬಿಸಿಲು ನಿಲ್ಲುತ್ತದೆ. ಬೆಳಗ್ಗೆ, ಸಂಜೆಯ ಬಿಸಿಲಿಗೆ ಗಾಜಿನ ಎರಡೂ ಪಕ್ಕ ಸಣ್ಣ ಅಡ್ಡಗೋಡೆ ಬೇಕು. ಗಾಜಿನ ಮೇಲ್ತುದಿಯಲ್ಲಿ ಲೂವರ್ (ಗಾಳಿಯಾಡುವ ಓರೆ ಪಟ್ಟಿಗಳು) ಇಟ್ಟರೆ ಬಿಸಿಗಾಳಿ ತಾನಾಗೇ ಹೊರಹೋಗುತ್ತದೆ. ಇದನ್ನು ಹಾಲ್ ಮೇಲೆ ಮಾತ್ರ ಮಾಡಿ, ಹಾಲ್‌ಗಷ್ಟೇ ಎರಡು ಮಹಡಿಯ ಎತ್ತರ ಕೊಡಿ. ಬೆಡ್‌ರೂಮಿಗೆ ಮಾಮೂಲಿ 10 ಅಡಿ ಸಾಕು.

ಇನ್ನೊಬ್ಬ ಸದಸ್ಯರು: ನಮ್ಮ ಮನೆ ಮೇಲೆ ಶೀಟ್ ಇದೆ. ಮಳೆ ಬಂದರೆ ಟಿವಿ ಕೇಳಲ್ಲ, ಬೇಸಿಗೆಯಲ್ಲಿ ಕೂರೋಕಾಗಲ್ಲ. ಮೇಡಂ, ಯೋಚಿಸಿ!

ಆರ್ಕಿಟೆಕ್ಟ್: ಬರೀ ಶೀಟ್ ಅಂದರೆ ಹಾಗೇ ಸರ್. ನಡುವೆ ಫೋಮ್ ಇರುವ ಪಫ್ ಪ್ಯಾನೆಲ್ ಹಾಕಿದರೆ ಸೆಕೆ ತುಂಬಾ ಕಡಿಮೆ, ಸದ್ದು ಸ್ವಲ್ಪ ಕಡಿಮೆ. ಹಾಲ್ ಚಾವಣಿಯ ಓರೆ ಭಾಗಕ್ಕೆ ನಾನಾದರೆ ಕಬ್ಬಿಣದ ಟ್ರಸ್ (ಚಾವಣಿ ಹೊರುವ ತ್ರಿಕೋನದ ಚೌಕಟ್ಟು) ಮೇಲೆ ಮಂಗಳೂರು ಹೆಂಚು ಹಾಕುತ್ತೇನೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆ ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದರು. ಫ್ಯಾಕ್ಟರಿ ಸ್ಟೈಲ್ ಅಂದ ತಕ್ಷಣ ನ್ಯೂಯಾರ್ಕ್ ಲಾಫ್ಟ್ (ಮನೆಯಾಗಿ ಮಾಡಿದ ಹಳೇ ಕಾರ್ಖಾನೆ) ಫೋಟೋ ತರುವವರಿಗೆ ಇದು ಯಾಕೆ ನೆನಪಾಗಲ್ಲವೋ!

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ಸರ್. ಇಂಥ ಮನೆಯಲ್ಲಿ ಮಾತಾಡಿದರೆ ಗುಂಯ್ ಅನ್ನುತ್ತದಂತೆ, ನಿಜವೇ? ವೈರಿಂಗ್ ಆಮೇಲೆ ಮಾಡಿಸಬಹುದಲ್ವಾ?

ಆರ್ಕಿಟೆಕ್ಟ್: ನಿಜ. ಗಟ್ಟಿ ಗೋಡೆ, ಎತ್ತರದ ಚಾವಣಿ, ಜೊತೆಗೆ ಗಾಜು. ದಪ್ಪ ಪರದೆ, ಜಮಖಾನ, ಪುಸ್ತಕದ ಕಪಾಟು ಬಂದ ಮೇಲೆ ಎಷ್ಟೋ ಕಡಿಮೆಯಾಗುತ್ತದೆ.

ವೈರಿಂಗ್ ಮಾತ್ರ ಆಮೇಲೆ ಅನ್ನಬೇಡಿ. ಇಟ್ಟಿಗೆ ಕೊರೆದು ಪೈಪ್ ಹಾಕಿದರೆ ಮುಚ್ಚೋಕೆ ಪ್ಲಾಸ್ಟರ್ ಇಲ್ಲ. ಲೈಟ್, ಫ್ಯಾನ್, ಸ್ವಿಚ್ ಎಲ್ಲೆಲ್ಲಿ ಅಂತ ಮೋಲ್ಡ್ ಹಾಕುವ ಮುಂಚೆಯೇ ಗುರುತಾಗಬೇಕು. ಗೋಡೆ ಮೇಲೆ ಕಾಣುವಂತೆ ಪೈಪ್ ಓಡಿಸುವುದಾದರೆ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಹಾಕಿಸಿ, ಅದರ ದಾರಿಯನ್ನೂ ಡ್ರಾಯಿಂಗ್‌ನಲ್ಲೇ ಗೆರೆ ಹಾಕಿಸಿ. ಮನೆ ಶುರುಮಾಡುವ ಮೊದಲು ಕಾಂಪೌಂಡ್ ಗೋಡೆಯ 4 ಅಡಿಯನ್ನು ಅದೇ ಇಟ್ಟಿಗೆ, ಅದೇ ಮೇಸ್ತ್ರಿಯಿಂದ ಕಟ್ಟಿಸಿ ನೋಡಿ. ಫೋಟೋ ಇಲ್ಲಿ ಹಾಕಿ, ಹೇಳುತ್ತೇನೆ.