ಸ್ಕೆಲಿಟರ್ ಗೊಂಬಿ ತಗೊಂಡೀನಿ, ಅಸಲಿನೋ ನಕಲಿನೋ ಹೆಂಗ ನೋಡಬೇಕು?

ರಾಯಚೂರ ಗುಮಾಸ್ತ:

ಎಲ್ಲರಿಗೂ ನಮಸ್ಕಾರ. ರಾಜೇಂದ್ರ ಗಂಜಿನಾಗ ಅಡತಿ ಅಂಗಡಿ ಲೆಕ್ಕ ಬರಿಯೋ ಮನುಷ್ಯ ನಾನು, ವಯಸ್ಸು 46. ಸಣ್ಣಂದಿರಾಗ ದೂರದರ್ಶನದಾಗ ಹೀ-ಮ್ಯಾನ್ ಕಾರ್ಟೂನ್ ಬರ್ತಿತ್ತಲ್ರೀ, ಪಕ್ಕದ ಮನಿ ಕಿಟಕಿ ಸರಳಿಗೆ ಮಾರಿ ಹಚ್ಚಿ ನೋಡ್ತಿದ್ವಿ. ಉಳಿದ ಹುಡುಗ್ರಿಗೆಲ್ಲ ಹೀ-ಮ್ಯಾನ್ ಬೇಕು, ನನಗ ಮಾತ್ರ ಅವನ ವೈರಿ, ಆ ತಲೆಬುರುಡಿ ಮಾರಿ ಸ್ಕೆಲಿಟರ್ ಮ್ಯಾಲೆ ಜೀವ. ಆವಾಗ ಕೊಡಸೋರು ಯಾರು?

ಹೋದ ವಾರ ಆನ್‌ಲೈನ್‌ನಾಗ ಯಾರೋ ಮಾರಾಕ ಹಾಕಿದ್ರು. ‘ಹಳೇದು, ಅಸಲಿ’ ಅಂದ್ರು. 2,200 ಕೊಟ್ಟು ತಗೊಂಡೆ, ಡಬ್ಬಿ ಇಲ್ಲ. ಮನಿಗೆ ಬಂದ ಮ್ಯಾಲೆ ಅನುಮಾನ ಶುರು. ಕತ್ತಿ ಒಂದು ಕಡಿ ಮಾತ್ರ ಕೆತ್ತನಿ ಅದ, ಇನ್ನೊಂದು ಕಡಿ ಸಪಾಟ, ಅರ್ಧಾ ಕತ್ತಿ ಕೊಟ್ಟು ಕೈ ತೊಳ್ಕೊಂಡಾರ ಅನ್ನಿಸ್ತು. ಎಡಗಾಲು ಜೋತಾಡ್ತದ, ನಿಲ್ಲಿಸಿದ್ರ ಕುಡದಾವನ ಹಂಗ ವಾಲ್ತಾನ. ಬೆನ್ನ ಮ್ಯಾಲೆ 1981 ಅಂತ ಅದ, ಆದ್ರ ಈ ಗೊಂಬಿ ಅಂಗಡಿಗೆ ಬಂದಿದ್ದೇ 1982ರಾಗ. ವರ್ಷಾನೂ ಸುಳ್ಳೇನು?

ಇನ್ನೊಂದು ತಪ್ಪು ನಂದೇ. ಪಾರ್ಸಲ್ಲು ಗಾಡಿ ಡಿಕ್ಕಿಯಾಗ ಇಟ್ಟು ಮಧ್ಯಾಹ್ನದ ಮಟ ಮರ್ತೆ. ಮೇ ತಿಂಗಳು, ರಾಯಚೂರ ಬಿಸಲು, ನಾ ಹೇಳಬೇಕಾ? ಕತ್ತಿ ಬಾಳಿಹಣ್ಣಿನ ಹಂಗ ಬಾಗ್ಯದ. ಮನ್ಯಾಗ ‘ದೇವರ ಜಗಲಿ ಎದುರು ಈ ಹೆಣದ ಮಾರಿ ಇಡಬ್ಯಾಡ್ರಿ’ ಅಂತ ಜಗಳ ಬ್ಯಾರೆ. ತಿಳದೋರು ಹೇಳ್ರಿ, ವಾಪಸ್ ಕೊಡಲೋ, ಇಟಗೊಳ್ಳಲೋ?

ಗಂಗಾವತಿ ಭತ್ತ:

ಆ ರೊಕ್ಕದಾಗ ಒಂದು ಪಾಕೀಟು ಸೋನಾ ಮಸೂರಿ ಬಂದು ಮ್ಯಾಲೆ ಚಿಲ್ಲರೆ ಉಳೀತಿತ್ತಲ್ಲೋ ಮಾರಾಯಾ.

ಬಳ್ಳಾರಿ ಚೆಕ್ಕರ್:

ಅಣ್ಣಾ, ವಾಪಸ್ ಕೊಡೋ ಅವಸರ ಮಾಡಬೇಡ.

ನಾನು ಜೀನ್ಸ್ ಯೂನಿಟ್ಟಲ್ಲಿ ಚೆಕಿಂಗ್ ಟೇಬಲ್‌ಗೆ ಕೂತು ಹದಿನೈದು ವರ್ಷ ಆಯ್ತು. ಪ್ಯಾಂಟು ಕೈಗೆ ಬಂದ್ರೆ ಮುಂದ್ಗಡೆ ನೋಡಲ್ಲ, ತಿರುಗಿಸಿ ಒಳಮಗ್ಗಲು ನೋಡ್ತೀನಿ. ಮುಂದೆ ಎಲ್ಲರೂ ಚೆಂದಾಗಿ ಹೊಲೀತಾರೆ. ಗೊಂಬೆನೂ ಹಂಗೇ ನೋಡ್ತೀನಿ, ನನ್ನ ಹತ್ರ ಮೂವತ್ತರ ಮೇಲೈತೆ.

ಮೊದಲು ನಿನ್ನ ಅರ್ಧ ಕತ್ತಿ. ಅದು ಮೋಸ ಅಲ್ಲ, ಅಸಲಿ ಕಥೆನೇ ಅದು. ಇವನ ಕತ್ತಿ ಅರ್ಧ, ಹೀ-ಮ್ಯಾನ್‌ದು ಅರ್ಧ, ಎರಡರ ಸಪಾಟು ಮಗ್ಗಲು ಕೂಡಿಸಿ ಒತ್ತಿದ್ರೆ ಒಂದು ಕತ್ತಿ ಆಗ್ತೈತೆ. ಎರಡೂ ಕಡೆ ಕೆತ್ತಿದ್ರೆನೇ ನಾನು ಅನುಮಾನ ಪಡ್ತಿದ್ದೆ. ಬೆನ್ನ ಮೇಲಿನ 1981 ಕಾಪಿರೈಟ್ ವರ್ಷ, ಆ ಪೀಸು ತಯಾರಾದ ವರ್ಷ ಅಲ್ಲ. ಆಮೇಲೆ ಬಂದ ಪೀಸಲ್ಲೂ ಅದೇ ಇರ್ತೈತೆ. ಇನ್ನೊಂದು, ಆ ಕಾಲಕ್ಕೆ ಇವನ್ನ ಮಾಡೋ ಮ್ಯಾಟೆಲ್ ಕಂಪನಿ ಗೊಂಬೆಗಳು ಲಿಯೋ ಹೆಸರಲ್ಲಿ ನಮ್ಮ ದೇಶದಾಗೂ ತಯಾರಾಗ್ತಿದ್ವು, ಅದಕ್ಕೆ ಇಂಡಿಯಾ ಅಂತ ಕಂಡ ಕೂಡ್ಲೆ ನಕಲಿ ಅಂತ ಎಸೀಬೇಡ.

ಈಗ ಕೈಗೆ ತಗೋ. ಮೊಣಕೈ, ಮೊಣಕಾಲು ಮಡಿಚಿ ನೋಡು. ಹಳೇದು ಮಡಿಚಲ್ಲ. ಕುತ್ತಿಗೆ, ಎರಡು ಭುಜ, ಸೊಂಟ, ಎರಡು ತೊಡೆ ಬುಡ, ಆರೇ ಕಡೆ ತಿರುಗ್ತೈತೆ. ಮಡಿಚಿದ್ರೆ ಅದು 2020ರಲ್ಲಿ ಬಂದ ಒರಿಜಿನ್ಸ್ ಅನ್ನೋ ಹೊಸ ಸಾಲಿಂದು, ಅದಕ್ಕೆ 16 ಕಡೆ ಕೀಲು. ಅದೂ ಅಸಲಿನೇ, ಆದ್ರೆ ಹಳೇದು ಅಂತ ಮಾರಿದ್ರೆ ಸುಳ್ಳು. ಆಮೇಲೆ ಸೊಂಟ ಒಂದು ಕಡೆ ತಿರುವಿ ಬಿಡು. ಒಳಗೆ ಸ್ಪ್ರಿಂಗ್ ಐತೆ, ಚಟ್ ಅಂತ ವಾಪಸ್ ಬಂದು ಕೈ ಬೀಸಬೇಕು. ಕಾಲು ಜೋತಾಡ್ತೈತೆ ಅಂದ್ಯಲ್ಲ, ಹಳೇ ಗೊಂಬೆ ಕಾಲು ಒಳಗೆ ರಬ್ಬರಿಂದ ಎಳೆದು ಕಟ್ಟಿರ್ತಾರೆ. ನಲವತ್ತು ವರ್ಷ ಆದ್ಮೇಲೆ ನಮ್ಮ ಮೊಣಕಾಲೇ ಸರಿ ನಿಲ್ಲಲ್ಲ, ರಬ್ಬರಿಗೇನು ಕೇಳ್ತೀಯ. ಗಟ್ಟಿಯಾಗಲಿ ಅಂತ ಫೆವಿಕ್ವಿಕ್ ಮಾತ್ರ ಹಾಕಬೇಡ ಅಣ್ಣಾ, ಕೈ ಮುಗೀತೀನಿ.

ಸ್ಕೇಲ್ ಇಟ್ಟು ಅಳೆ, ಸುಮಾರು ಐದೂವರೆ ಇಂಚು. ಅಸಲಿ ಗೊಂಬೆಯಿಂದ ಅಚ್ಚು ತೆಗೆದು ನಕಲು ಸುರಿದ್ರೆ ಪ್ಲಾಸ್ಟಿಕ್ಕು ಆರುವಾಗ ಒಂಚೂರು ಕುಗ್ಗುತೈತೆ, ಬೆರಳಿನ ಸಂದು, ಸ್ನಾಯುವಿನ ಗೆರೆ ಎಲ್ಲ ಸವೆದ ಸೋಪಿನಂಗೆ ಕಾಣ್ತಾವೆ.

ಕೊನೇದು ನನ್ನ ಕಸುಬಿನ ಮಾತು. ಎದೆ ಮೇಲಿನ ನೇರಳೆ ಕವಚ ಬೆನ್ನ ಹಿಂದೆ ಬಿಚ್ಚು, ಒಳಗಿನ ನೀಲಿ ನೋಡು. ನಾವು ಹೊಸ ಪ್ಯಾಂಟಿಗೆ ಕಲ್ಲು ಹಾಕಿ ತೊಳೆದು ಹಳೇದು ಮಾಡ್ತೀವಿ. ಹಂಗೆ ಮಾಡಿದ್ದು ಎಲ್ಲಾ ಕಡೆ ಒಂದೇ ಥರ ಮಾಸಿರ್ತೈತೆ. ಉಟ್ಟು ಮಾಸಿದ್ದು ಜೇಬಿನ ಅಂಚು, ಮೊಣಕಾಲು, ಕೂರೋ ಜಾಗ ಅಂತ ಬೇರೆ ಬೇರೆ ಇರ್ತೈತೆ. ಕವಚದ ಅಡಿ ನೀಲಿ ಗಾಢ ಇದ್ದು ತೋಳು ಪೇಲವ ಇದ್ರೆ, ಅದು ಯಾರದೋ ಮನೇಲಿ ಬಿಸಿಲು ಕಂಡು ಬಂದ ಪೀಸು.

ಬಾಗಿದ ಕತ್ತಿಗೆ ಬಿಸಿನೀರು ಸಾಕು, ಕುದೀತಿರೋದು ಬೇಡ. ಅರ್ಧ ನಿಮಿಷ ಅದ್ದಿ, ಸಪಾಟು ಜಾಗದ ಮೇಲೆ ನೇರ ಮಾಡಿ ಹಿಡಿದು, ಹಂಗೇ ತಣ್ಣೀರಿಗೆ ಹಾಕು.

ಕಿನ್ನಾಳದ ಮೊಮ್ಮಗ:

ಚೆಕ್ಕರ್ ಅಣ್ಣಾರು ಹೇಳಿದ್ದು ಖರೆ, ಆದ್ರ ಮಾರಿ ಬಿಟ್ಟು ಉಳಿದದ್ದೆಲ್ಲ ಹೇಳ್ಯಾರ ನೋಡ್ರಿ.

ನಮ್ಮಜ್ಜ ಕಿನ್ನಾಳದಾಗ ಗೊಂಬಿ ಮಾಡ್ತಿದ್ದ. ಹಗುರ ಕಟಗಿ ಕೆತ್ತಿ, ಹುಣಸಿ ಬೀಜದ ಅಂಟಿನಿಂದ ಭಾಗ ಕೂಡಿಸಿ, ಮ್ಯಾಲೆ ಕಿಟ್ಟ ಬಳದು, ಆಮ್ಯಾಲೆ ಬಣ್ಣ. ಕಿಟ್ಟ ಅಂದ್ರ ಗೋಣಿ ನಾರು, ಕಟಗಿ ಹೊಟ್ಟು, ಅದೇ ಹುಣಸಿ ಅಂಟು. ಇಷ್ಟೆಲ್ಲಾ ಮಾಡಿದ ಮ್ಯಾಲೂ ಕಣ್ಣು ಬರಿಯೂವಾಗ ಅಜ್ಜ ಉಸಿರು ಹಿಡೀತಿದ್ದ, ನಾವು ಮಾತಾಡಿದ್ರ ಕುಂಚದ ಹಿಂಬದಿಲೆ ತಲಿಗೆ ಬೀಳತಿತ್ತು. ರಾಕ್ಷಸನ ಗೊಂಬಿಗಂತೂ ಎರಡು ಪಟ್ಟು ಹೊತ್ತು. ದೇವರ ಮಾರಿ ಒಂಚೂರು ಕೆಟ್ಟರೂ ಮಂದಿ ಕೈ ಮುಗೀತಾರ, ರಾಕ್ಷಸ ಕೆಟ್ಟರ ನಗತಾರ ಅಂತಿದ್ದ.

ನಿಮ್ಮ ಸ್ಕೆಲಿಟರ್‌ಗೆ ಕಣ್ಣೇ ಇಲ್ಲ, ಗುಳಿ ಅಷ್ಟ. ಮೊಬೈಲ್ ಟಾರ್ಚ್ ಓರೆಯಾಗಿ ಹಿಡದು ನೋಡ್ರಿ. ಗುಳಿಯ ಬಣ್ಣ ಅಂಚು ದಾಟಿ ಕೆನ್ನಿಗೆ ಹರದೈತೇನು? ಹಲ್ಲು ಒಂದೊಂದಾಗಿ ಕಾಣತಾವೋ, ಒಂದೇ ಪಟ್ಟಿ ಬಳದಾರೋ? ಹಳದಿ ಮಾರಿಯ ಸುತ್ತ ಹಸರು ಮೆಲ್ಲಗ ಕೂಡಿಕೊಂಡೈತೋ, ಗೆರಿ ಹೊಡದಂಗ ನಿಂತೈತೋ? ಮುಸುಕಿನ ನೇರಳಿ ಹಣಿಗೆ ಹತ್ತೈತೇನು? ಕೀಲು ಸಡಲಾದ್ರ ಗ್ವಾಡಿಗೆ ಒರಗಿಸಬಹುದು, ಮಾರಿ ಕೆಟ್ಟರ ಏನು ಮಾಡ್ತೀರಿ? ಬಣ್ಣದ ಪರೀಕ್ಷೆ ಅಂತ ನೇಲ್ ಪಾಲಿಶ್ ತಗಿಯೋ ನೀರು ಹಚ್ಚಬ್ಯಾಡ್ರಿ, ಅಸಲಿ ಬಣ್ಣಾನೂ ಹೋಗತೈತಿ.

ರಾಯಚೂರ ಗುಮಾಸ್ತ:

ಇಬ್ಬರಿಗೂ ಶರಣ್ರೀ. ನಿನ್ನೆ ರಾತ್ರಿ ಅಡಗಿಮನಿ ಕಟ್ಟಿ ಮ್ಯಾಲೆ ಕೂಡಿಸಿ ಎಲ್ಲಾ ನೋಡಿದೆ.

ಮೊಣಕಾಲು ಮಡಚಲಿಲ್ಲ. ಸೊಂಟ ತಿರುವಿ ಬಿಟ್ಟರ ಚಟ್ ಅಂತ ತಿರುಗಿ ನನ್ನ ಚಾದ ಕಪ್ಪಿಗೇ ಹೊಡದ. ಹಲ್ಲು ಬಿಡಿ ಬಿಡಿ ಅವ. ಬಲಗಡಿ ಕಣ್ಣಿನ ಗುಳಿ ಸೂಜಿ ಮೊನಿಯಷ್ಟು ಹರದದ, ಅಜ್ಜಾರು ಇದ್ದಿದ್ರ ಬೈತಿದ್ರೇನೋ. ಕತ್ತಿ ಮುಕ್ಕಾಲು ನೆಟ್ಟಗಾತು, ತುದಿ ಇನ್ನೂ ಹಟ ಮಾಡ್ತದ.

ಆಮ್ಯಾಲೆ ಕವಚ ಬಿಚ್ಚಿದೆ. ಒಳಗಿನ ನೀಲಿ ತೋಳಿಗಿಂತ ಗಾಢ ಅದ. ಅದರ ನಡುವ ಎದಿ ಮ್ಯಾಲೆ ಬಾಲ್‌ಪೆನ್ನಿಲೆ ಸಣ್ಣಗ ‘5 ಬಿ’ ಅಂತ ಬರದದ. ಯಾವ ಊರಿನ ಐದನೇ ಇಯತ್ತೆ ಹುಡುಗನೋ, ಕದ್ದೋರ ಕೈಗೆ ಸಿಗಬಾರದಂತ ಒಳಗ ಬರದಾನ. ಒರಸಲಿಲ್ಲ, ಹಂಗೇ ಕವಚ ಹಾಕಿದೆ.

ವಾಪಸ್ ಕೊಡೂದಿಲ್ರಿ. ಜಗಲಿ ಜಗಳ ತೀರಲಿಲ್ಲ, ಅದಕ್ಕ ಅಂಗಡಿಗೆ ತಂದೀನಿ. ಖಾತೆ ಪುಸ್ತಕದ ಕಪಾಟಿನಾಗ ಗೋಂದಿನ ಬಾಟ್ಲಿಗೆ ಎಡಗಾಲು ಒರಗಿಸಿ ನಿಂತಾನ.