ವೈಲ್ಡ್ ಆಲ್ಟಮ್ ಏಂಜಲ್ ಮರಿಗಳು ಬರ್ತಿವೆ, ಕ್ವಾರಂಟೈನ್ ಮಾಡಿದವರು ಅನುಭವ ಹೇಳಿ

ವಿಜಯನಗರದ ಹೊಸಬ:
ಎಲ್ಲರಿಗೂ ನಮಸ್ಕಾರ. ಮುಂದಿನ ಶುಕ್ರವಾರ ಆರು ಆಲ್ಟಮ್ ಏಂಜಲ್ ಮೀನಿನ ಮರಿಗಳು ಬರುತ್ತಿವೆ. ಕೊಲಂಬಿಯಾದ ಇನಿರಿಡಾ ಕಡೆ ಹೊಳೆಯಲ್ಲಿ ಹಿಡಿದವು ಅಂತ ಅಂಗಡಿಯವರು ಹೇಳಿದ್ದಾರೆ. ಮೈ ಐದು ರೂಪಾಯಿ ನಾಣ್ಯದಷ್ಟು. ಮನೆಗೆ ಕಾವೇರಿ ನೀರು ಬರುತ್ತದೆ. ಎರಡು ಅಡಿಯ ಖಾಲಿ ಟ್ಯಾಂಕ್ ಇದೆ, ಹೀಟರ್ ಇದೆ, ಒಂದು ತಿಂಗಳಿಂದ ದೊಡ್ಡ ಟ್ಯಾಂಕಿನಲ್ಲಿ ಓಡುತ್ತಿರುವ ಸ್ಪಾಂಜ್ ಫಿಲ್ಟರ್ ಇದೆ. ಎಷ್ಟು ದಿನ ಬೇರೆ ಇಡಬೇಕು? ಬಂದ ದಿನವೇ ಔಷಧಿ ಹಾಕಬೇಕಾ?

ಹೊಸಕೋಟೆ ಬೋರ್‌ವೆಲ್:
ಔಷಧಿ ಆಮೇಲೆ. ಮೊದಲು ಕವರ್ ಬಿಚ್ಚುವುದು ಹೇಗೆ ಅಂತ ಕಲಿಯಿರಿ. ನಾನು ಹತ್ತು ತಂದೆ, ಎರಡು ಉಳಿದವು. ಎಲ್ಲರೂ ಹೇಳಿದ ಹಾಗೆ ಬಕೆಟ್‌ಗೆ ಕವರ್ ಸುರಿದು, ಸಣ್ಣ ಪೈಪಿನಲ್ಲಿ ಎರಡು ಗಂಟೆ ಹನಿ ಹನಿಯಾಗಿ ನೀರು ಬಿಟ್ಟೆ. ಮೀನು ಆ ಕವರಿನಲ್ಲಿ ನಲವತ್ತು ಗಂಟೆ ಇದ್ದು ಬಂದಿದ್ದವು. ಕವರ್ ಒಳಗೆ ಅವು ಬಿಟ್ಟ ಉಸಿರಿಂದ ಪಿಎಚ್ ಇಳಿದು ನೀರು ಹುಳಿಯಾಗಿರುತ್ತದೆ, ಹಾಗಾಗಿ ಮೀನಿನ ಗಲೀಜಿನ ಅಮೋನಿಯಾ ಎಷ್ಟೇ ಇದ್ದರೂ ಅಷ್ಟಾಗಿ ಸುಡುವುದಿಲ್ಲ. ಬಾಯಿ ಬಿಚ್ಚಿದ ಕೂಡಲೇ ಆ ಗಾಳಿ ಹೋಗುತ್ತದೆ, ಪಿಎಚ್ ಏರುತ್ತದೆ, ಅದೇ ಅಮೋನಿಯಾ ವಿಷವಾಗುತ್ತದೆ. ಎರಡು ಗಂಟೆ ನಾನೇ ಕೂತು ನನ್ನ ಮೀನುಗಳ ಕಿವಿರು ಸುಟ್ಟೆ. ಮೊದಲ ರಾತ್ರಿ ಮೂರು, ಮರುದಿನ ನಾಲ್ಕು, ಮೂರನೇ ದಿನ ಒಂದು.

ಲೆಕ್ಕವೂ ಹೇಳುತ್ತೇನೆ, ಯಾರೂ ಹೇಳಲ್ಲ. ಮೀನು ಒಂದಕ್ಕೆ 2,600, ಹತ್ತಕ್ಕೆ 26,000. ನಮ್ಮ ಬೋರ್ ನೀರಿನ ಟಿಡಿಎಸ್, ಅಂದರೆ ಕರಗಿದ ಲವಣ, 1,100, ಅದನ್ನು ತೆಗೆಯಲು ಆರ್‌ಒ ಯಂತ್ರ 9,500. ಹೀಟರ್ ಎರಡು 2,800. ಔಷಧಿ 1,850. ಮೀಟರ್ 350. ಒಟ್ಟು 40,500. ಉಳಿದ ಎರಡು ಮೀನಿಗೆ ತಲಾ ಇಪ್ಪತ್ತು ಸಾವಿರ ಬಿತ್ತು. ಕರೆಂಟ್ ಬಿಲ್ ಸೇರಿಸಿಲ್ಲ.

ಪುತ್ತೂರು ಬಾವಿಕಟ್ಟೆ:
ಡ್ರಿಪ್ ತಪ್ಪಲ್ಲ ಮಾರಾಯ್ರೇ, ಗಡಸು ನೀರು ತಪ್ಪು. ನಮ್ಮದು ಮುರಕಲ್ಲಿನ ಬಾವಿ. ಪಿಎಚ್ 6ರ ಆಸುಪಾಸು, ಟಿಡಿಎಸ್ 40 ದಾಟುವುದಿಲ್ಲ. ಆಲ್ಟಮ್ ಬರುವ ಹೊಳೆ ನೀರು ಇನ್ನೂ ಹುಳಿ, ಪಿಎಚ್ ಐದಕ್ಕೂ ಕೆಳಗೆ, ಬಣ್ಣ ಚಹಾದ ಡಿಕಾಕ್ಷನ್ ಥರ. ಬಾವಿ ನೀರಿಗೆ ಕಾಡು ಬಾದಾಮಿ ಎಲೆ ನಾಲ್ಕು ಹಾಕಿ, 29 ಡಿಗ್ರಿ ಇಟ್ಟು, ಒಂದು ವಾರ ಟ್ಯಾಂಕಿನ ಮೂರು ಬದಿಗೆ ಪೇಪರ್ ಅಂಟಿಸಿ ಕತ್ತಲೆ ಮಾಡಿದೆ. ಎಂಟಕ್ಕೆ ಎಂಟೂ ಬದುಕಿದವು. ಒಂದು ಹನಿ ಔಷಧಿ ಹಾಕಿಲ್ಲ.

ಆಮೇಲೆ ಎರಡು ಹೋದವು, ಸುಳ್ಳು ಯಾಕೆ ಹೇಳಲಿ. ಏಪ್ರಿಲಲ್ಲಿ ಬಾವಿ ತಳ ಕಂಡಿತು, ಟ್ಯಾಂಕರ್ ನೀರು ಹಾಕಿದೆ. ಒಂದೇ ಸಲ ಅರ್ಧ ಟ್ಯಾಂಕ್ ಬದಲಿಸಿದ್ದು ನನ್ನ ತಪ್ಪು. ಸಂಜೆಗೆ ಎರಡು ಮೀನು ಮೂಲೆಯಲ್ಲಿ ತಲೆ ಮೇಲೆ ಮಾಡಿ ನಿಂತಿದ್ದವು, ಬೆಳಿಗ್ಗೆ ಇಲ್ಲ. ಈಗ ಮಳೆಗಾಲದಲ್ಲೇ ನಾಲ್ಕು ಡ್ರಮ್ ತುಂಬಿಸಿಡುತ್ತೇನೆ.

ಕುವೆಂಪುನಗರದ ಅಕ್ಕ:
ಔಷಧಿ ಹಾಕಿಲ್ಲ ಅಂತ ಹೆಮ್ಮೆಯಿಂದ ಹೇಳಬೇಡಿ ಸರ್, ಹೊಸಬರು ನಂಬಿಬಿಡುತ್ತಾರೆ. ನನ್ನ ಮರಿಗಳೂ ಮೊದಲ ಹತ್ತು ದಿನ ಚೆನ್ನಾಗಿದ್ದವು. ಹನ್ನೊಂದನೇ ದಿನ ಒಂದು ಮರಿ ಒಂದೇ ಕಡೆಯ ಕಿವಿರಿನಲ್ಲಿ ಉಸಿರಾಡುತ್ತಿತ್ತು. ಎಡಗಡೆಯದು ಬಿಗಿಯಾಗಿ ಮುಚ್ಚಿಕೊಂಡಿತ್ತು, ಬಲಗಡೆಯದು ಪಟಪಟ ಬಡಿಯುತ್ತಿತ್ತು. ಆಗಾಗ ಹೀಟರಿಗೆ ಹೋಗಿ ಮೈ ಉಜ್ಜುತ್ತಿತ್ತು. ಅದು ಕಿವಿರಿನ ಹುಳ. ಪ್ರಾಜಿಕ್ವಾಂಟೆಲ್ ಅನ್ನುವ ಹುಳದ ಔಷಧಿ ಹಾಕಿದೆ, ಮೂರು ದಿನಕ್ಕೆ ಸರಿಹೋಯಿತು ಅಂದುಕೊಂಡೆ. ಹತ್ತು ದಿನ ಬಿಟ್ಟು ಮತ್ತೆ ಶುರು. ಹುಳ ಸಾಯುತ್ತದೆ, ಮೊಟ್ಟೆ ಸಾಯಲ್ಲ. ಮೊಟ್ಟೆ ಒಡೆದ ಮೇಲೆ ಮತ್ತೆ ಹಾಕಬೇಕು. ನಾನು ಮೂರು ಸಲ ಹಾಕಿದೆ.

ಇದಕ್ಕಿಂತ ದೊಡ್ಡ ನೋವು ಬೇರೆ ಇದೆ. 24ನೇ ದಿನಕ್ಕೆ ಎಲ್ಲ ಸರಿ ಇದೆ ಅಂತ ಒಂದು ವೈಲ್ಡ್ ಮರಿಯನ್ನು ನನ್ನ ಹಳೇ ಏಂಜಲ್‌ಗಳ ಜೊತೆ ಬಿಟ್ಟೆ. ಹಳೇವು ಅಂದರೆ ಇಲ್ಲೇ ಟ್ಯಾಂಕಿನಲ್ಲಿ ಹುಟ್ಟಿದವು, ನಾಲ್ಕು ವರ್ಷದಿಂದ ನನ್ನ ಕೈಯಿಂದ ತಿನ್ನುತ್ತಿದ್ದವು. ನಾಲ್ಕನೇ ದಿನ ಅವುಗಳ ಮೈ ತುಂಬ ಲೋಳೆ, ರೆಕ್ಕೆ ಮಡಚಿಕೊಂಡು ಎಲ್ಲವೂ ಒಂದೇ ಕಡೆ ನೋಡುತ್ತಾ ನಿಂತವು. ಐದು ದಿನದಲ್ಲಿ ಏಳೂ ಹೋದವು. ಹೊಸ ಮರಿಗೆ ಏನೂ ಆಗಲಿಲ್ಲ! ಎರಡೂ ಕಡೆಯವು ನೋಡಲು ಆರೋಗ್ಯವಾಗೇ ಇರುತ್ತವೆ, ಸೇರಿಸಿದಾಗ ಗೊತ್ತಾಗುತ್ತದೆ. ಈಗ 45 ದಿನ ಬೇರೆ ಇಡುತ್ತೇನೆ, ಬಲೆ, ಪೈಪು, ಬಕೆಟ್ ಎಲ್ಲ ಬೇರೆ. ಕೊನೆಗೆ ಒಂದು ಹಳೇ ಮೀನನ್ನು ಹೊಸವರ ಟ್ಯಾಂಕಿಗೆ ಬಿಟ್ಟು ಎರಡು ವಾರ ನೋಡುತ್ತೇನೆ. ಆ ಒಂದನ್ನು ಆರಿಸುವಾಗ ಕೈ ನಡುಗುತ್ತದೆ.

ಪುತ್ತೂರು ಬಾವಿಕಟ್ಟೆ:
ಅಕ್ಕಾ, ಸೇರಿಸಿದ್ದು ನೀವು. ಅದಕ್ಕೂ ನನ್ನ ಬಾವಿಗೂ ಏನು ಸಂಬಂಧ?

ಕುವೆಂಪುನಗರದ ಅಕ್ಕ:
ನಿಮ್ಮ ಬಾವಿ ಎಲ್ಲರ ಮನೆಯಲ್ಲೂ ಇಲ್ಲ ಅಂತ ಸಂಬಂಧ. ಕೇಳಿದವರು ವಿಜಯನಗರದಲ್ಲಿದ್ದಾರೆ.

ಹೆಬ್ಬಾಳ ಸ್ಕೇಲಾರ್:
ನನಗೆ ಒಂದೇ ಪ್ರಶ್ನೆ. ಟ್ಯಾಂಕಿನಲ್ಲಿ ಹುಟ್ಟಿದ ಸ್ಕೇಲಾರ್ ಅನ್ನುವ ಮಾಮೂಲಿ ಏಂಜಲ್ ಮರಿ ನಮ್ಮ ನೀರಿಗೆ ಒಗ್ಗಿದೆ, ಕೊಟ್ಟಿದ್ದು ತಿನ್ನುತ್ತದೆ. ಹಾಗಿರುವಾಗ ಹೊಳೆಯಿಂದ ಹಿಡಿದು, ವಿಮಾನದಲ್ಲಿ ತಂದು, ಹತ್ತರಲ್ಲಿ ಎಂಟು ಸಾಯಿಸುವುದು ಯಾಕೆ?

ಹೊಸಕೋಟೆ ಬೋರ್‌ವೆಲ್:
ಸಾಯಿಸಿದ್ದು ಅಂತ ಬರೆಯಬೇಡಿ ಗುರು. ನಾನು ಮೂರು ರಾತ್ರಿ ಮಲಗಿಲ್ಲ. ಆಲ್ಟಮ್ ಮನೆಯ ಟ್ಯಾಂಕಿನಲ್ಲಿ ಮರಿ ಮಾಡುವುದು ತೀರಾ ಅಪರೂಪ. ಬೇಕು ಅಂದರೆ ಹೆಚ್ಚಾಗಿ ಹೊಳೆಯದೇ. ಬ್ರೆಜಿಲ್‌ನಲ್ಲಿ ರಿಯೊ ನೀಗ್ರೊ ದಂಡೆಯ ಬಾರ್ಸೆಲೋಸ್ ಊರಿನ ಕಡೆ ಎಷ್ಟೋ ಮನೆಗಳು ಕಾರ್ಡಿನಲ್ ಟೆಟ್ರಾ ಅನ್ನುವ ಪುಟ್ಟ ಮೀನು ಹಿಡಿದೇ ಬದುಕಿದವು. ಕಾಡು ಇದ್ದರೆ ಮೀನು, ಮೀನು ಇದ್ದರೆ ಸಂಪಾದನೆ. ಆ ಜನ ಕಾಡು ಕಡಿಯುತ್ತಾರಾ ಹೇಳಿ?

ಹೆಬ್ಬಾಳ ಸ್ಕೇಲಾರ್:
ಅಲ್ಲಿನವರ ಹೊಟ್ಟೆಪಾಡು ಸರಿ. ಆದರೆ 1,100 ಟಿಡಿಎಸ್ ಇರುವ ಕಡೆ ಆ ಮೀನು ತರಬೇಕಾ? ಅದನ್ನು ಹೇಳಿ.

ಹೊಸಕೋಟೆ ಬೋರ್‌ವೆಲ್:
ಆರ್‌ಒ ಹಾಕಿದ್ದೇನೆ ಅಂತ ಬರೆದಿದ್ದೇನೆ. ಓದದೆ ಜಗಳ ಬೇಡ.

ಕುವೆಂಪುನಗರದ ಅಕ್ಕ:
ಊಟದ ಬಗ್ಗೆ ಯಾರೂ ಹೇಳಲಿಲ್ಲ. ಬಂದ ಮರಿ ಉಂಡೆ ಆಹಾರ ಮೂಸಿಯೂ ನೋಡಲ್ಲ. ಸೋಡಾ ಬಾಟಲಿ ತಲೆಕೆಳಗಾಗಿ ಕಟ್ಟಿ, ಉಪ್ಪು ನೀರಲ್ಲಿ ಆರ್ಟೀಮಿಯಾ (ಸಿಗಡಿ ಥರದ ಪುಟ್ಟ ಜೀವಿ) ಮೊಟ್ಟೆ ಹಾಕಿ ಗಾಳಿ ಬಿಟ್ಟರೆ ಒಂದು ದಿನಕ್ಕೆ ಮರಿಯಾಗುತ್ತದೆ. ತೊಳೆದು ಹಾಕಿ. ದಿನಕ್ಕೆ ನಾಲ್ಕು ಸಲ, ಸ್ವಲ್ಪ ಸ್ವಲ್ಪ. ಸಣ್ಣದರಲ್ಲಿ ಹಸಿದ ಮರಿ ಆಮೇಲೆ ಎಷ್ಟು ತಿಂದರೂ ಎತ್ತರ ಬರಲ್ಲ. ಜೀವಂತ ಟ್ಯೂಬಿಫೆಕ್ಸ್ ಮಾತ್ರ ಬೇಡ, ಚರಂಡಿ ಹುಳ ಅದು.

ಪುತ್ತೂರು ಬಾವಿಕಟ್ಟೆ:
ನಾನು ಟ್ಯೂಬಿಫೆಕ್ಸ್ ಹಾಕಿಯೇ ಸಾಕಿದ್ದು. ಮೂರು ದಿನ ಹರಿಯುವ ನೀರಲ್ಲಿ ಇಟ್ಟು ಹಾಕಿದರೆ ಏನೂ ಆಗುವುದಿಲ್ಲ.

ವಿಜಯನಗರದ ಹೊಸಬ:
ಎಲ್ಲರಿಗೂ ಥ್ಯಾಂಕ್ಸ್. ಆದರೆ ಕಾವೇರಿ ನೀರು ನಡೆಯುತ್ತದಾ, ಇಲ್ವಾ? ಮೀನು ಶುಕ್ರವಾರ ಬಂದೇ ಬರುತ್ತದೆ.

ಕುವೆಂಪುನಗರದ ಅಕ್ಕ:
ಶುಕ್ರವಾರವೇ ತರಬೇಡಿ. ಮುಂಗಡ ಕೊಟ್ಟು ಎರಡು ವಾರ ಅಂಗಡಿಯಲ್ಲೇ ಬಿಡಿ. ಅವರ ಟ್ಯಾಂಕಿನ ಪಿಎಚ್, ಟಿಡಿಎಸ್ ನೀವೇ ಅಳೆದು, ಮನೆಯ ನೀರನ್ನು ಅದಕ್ಕೆ ಸರಿಮಾಡಿ. ಕಾವೇರಿ ನೀರನ್ನು ಹಾಗೇ ಹಾಕಬೇಡಿ, ಕ್ಲೋರಿನ್ ತೆಗೆದು ಆರ್‌ಒ ನೀರು ಬೆರೆಸಿ. ಪಿಎಚ್ ಆರಕ್ಕಿಂತ ಕೆಳಗೆ ಒಮ್ಮೆಲೇ ಇಳಿಸಿದರೆ ನಿಮ್ಮ ಸ್ಪಾಂಜಿನಲ್ಲಿರುವ, ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಮಂಕಾಗುತ್ತದೆ, ಫಿಲ್ಟರ್ ಇದ್ದೂ ಇಲ್ಲದ ಹಾಗೆ. ಎರಡು ಅಡಿ ಟ್ಯಾಂಕ್ ಮೊದಲ ಎರಡು ಮೂರು ತಿಂಗಳಿಗೆ ಸಾಕು. ಆಮೇಲೆ ಎರಡು ಅಡಿ ಎತ್ತರದ್ದೇ ಬೇಕು.

ಹೊಸಕೋಟೆ ಬೋರ್‌ವೆಲ್:
ಅಕ್ಕ ಹೇಳಿದ್ದು ಸರಿ. ಹೊಸಬರೇ, ಆರ್‌ಒ ನೀರು ಬೇಕಿದ್ದರೆ ಕ್ಯಾನ್ ತನ್ನಿ, ನಮ್ಮನೆಯಲ್ಲಿ ತುಂಬಿಸಿಕೊಡುತ್ತೇನೆ. ಡ್ರಿಪ್ ಮಾತ್ರ ಮಾಡಬೇಡಿ.

ಪುತ್ತೂರು ಬಾವಿಕಟ್ಟೆ:
ಅಂಗಡಿಯಿಂದ ಮನೆಗೆ ಒಂದು ಗಂಟೆ ದಾರಿ. ಅದಕ್ಕೆ ನಿಮ್ಮ ನಲವತ್ತು ಗಂಟೆಯ ಅಮೋನಿಯಾ ಎಲ್ಲಿಂದ ಬರುತ್ತದೆ ಮಾರಾಯ್ರೇ? ಡ್ರಿಪ್ಪೇ ಮಾಡಿ.